ಆಗುಂಬೆಗೆ ಚಿಟ್ಟೆ ನೋಡೋಕೆ ಹೋಗೋರು ಬರೀ ದಟ್ಟ ಕಾಡನ್ನೇ ನಂಬ್ಕೋಬೇಡಿ

ನಾವಿದ್ದ ಹೋಮ್‌ಸ್ಟೇಯವ್ರು ಬಟರ್‌ಫ್ಲೈ ಟ್ರೇಲ್ ಅಂತ ತಲೆಗೆ 800 ರೂಪಾಯಿ ತಗೊಂಡು, ಮೋಡ ಕವ್ಕೊಂಡಿರೋ ಹೊತ್ತಲ್ಲಿ, ಮಧ್ಯಾಹ್ನ ಮೂರೂವರೆ ಮೇಲೆ ಕಾಡೊಳಗೆ ಕರ್ಕೊಂಡು ಹೋದ್ರು. ಸಿಕ್ಕಿದ್ದು ಉಂಬಳ ಮಾತ್ರ. ಮೈಗೆ ಬಿಸ್ಲು ತಾಗ್ದೆ ಚಿಟ್ಟೆ ಹಾರೋದೇ ಕಷ್ಟ, ಇದು ಗೊತ್ತಿರೋರು ಆ ಹೊತ್ತಲ್ಲಿ ಯಾರನ್ನೂ ಕರ್ಕೊಂಡು ಹೋಗಲ್ಲ. ಬೆಳಿಗ್ಗೆ 9ರಿಂದ 12ರೊಳಗೆ ಹೋಗಿ, ಮಳೆ ಬಿಟ್ಟ ಮೇಲೆ, ಅಕ್ಟೋಬರ್ ನವೆಂಬರಲ್ಲಿ.

ಜಾಗ ಬದಲಾದ ಹಾಗೆ ಚಿಟ್ಟೆನೂ ಬದಲಾಗುತ್ತೆ. ಘಾಟಿ ಕೆಳಗೆ ಸೋಮೇಶ್ವರದ ಕಡೆ ಹಳ್ಳದ ಒದ್ದೆ ಮರಳಿನ ಹತ್ರ ಸುಮ್ನೆ ಕೂತ್ಕೊಳಿ, ಕಾಮನ್ ಬ್ಲೂಬಾಟಲ್, ಆಲ್ಬಟ್ರಾಸ್ ಅನ್ನೋ ಚಿಟ್ಟೆಗಳೆಲ್ಲಾ ಗುಂಪುಗುಂಪಾಗಿ ಬಂದಿಳಿದು ನೀರು ಹೀರ್ತವೆ, ಹೆಚ್ಚಾಗಿ ಗಂಡುಗಳೇ, ಅವಕ್ಕೆ ಬೇಕಾಗಿರೋದು ಮಣ್ಣಲ್ಲಿರೋ ಉಪ್ಪಿನಂಶ. ನಂಗೆ ಇಡೀ ಪ್ರವಾಸದಲ್ಲಿ ತುಂಬಾ ಇಷ್ಟ ಆಗಿದ್ದು ಇದೇ. ಅಡಿಕೆ ತೋಟದ ಅಂಚಲ್ಲಿ ಕ್ರಿಮ್ಸನ್ ರೋಸ್ ಅನ್ನೋ ಚಿಟ್ಟೆ ಕಂಡ್ರೆ ಎರಡು ಸಲ ನೋಡಿ, ಕಾಮನ್ ಮಾರ್ಮನ್ ಅನ್ನೋ ಇನ್ನೊಂದು ಚಿಟ್ಟೆಯ ಕೆಲವು ಹೆಣ್ಣುಗಳು ಥೇಟ್ ಅದೇ ವೇಷ ಹಾಕ್ಕೊಂಡಿರ್ತವೆ, ಯಾಕಂದ್ರೆ ಕ್ರಿಮ್ಸನ್ ರೋಸ್ ಹುಳು ಇದ್ದಾಗ್ಲೇ ಈಶ್ವರಿ ಬಳ್ಳಿ ತಿಂದು ಮೈಯಲ್ಲಿ ವಿಷ ತುಂಬ್ಕೊಂಡಿರುತ್ತೆ, ಹಕ್ಕಿಗಳು ಮುಟ್ಟಲ್ಲ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡೋದೂ ಇದೇ ಜಾತಿ ಬಳ್ಳಿ ಮೇಲೆ. ರೆಕ್ಕೆ ಬಿಚ್ಚಿದ್ರೆ 14ರಿಂದ 19 ಸೆಂಟಿಮೀಟರ್, ಮರದ ತುದೀಲೇ ಹಾರುತ್ತೆ, ಬೈನಾಕ್ಯುಲರ್ ಇಲ್ದೆ ಹೋಗ್ಬೇಡಿ.

ಹಾಗಂತ ಒಳಕಾಡು ಬಿಟ್ಬಿಡಿ ಅಂತಲ್ಲ, ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ದಿರೋ ಮಲಬಾರ್ ಟ್ರೀ ನಿಂಫ್ ಅನ್ನೋ ಚಿಟ್ಟೆ ಇರೋದು ಅಲ್ಲೇ. ಬಿಳಿ ಮೈ, ಕಪ್ಪು ಚುಕ್ಕಿ, ಗಾಳೀಲಿ ಬಿಟ್ಟ ಕಾಗದದ ಚೂರಿನ ಹಾಗೆ ತೇಲ್ಕೊಂಡು ಹೋಗುತ್ತೆ. ಇವೆಲ್ಲಾ ಇದ್ದಲ್ಲೇ ನೋಡಿ, ಹಿಡಿಯೋಕೆ ಹೋಗ್ಬೇಡಿ, ಇವುಗಳಲ್ಲಿ ಕೆಲವಕ್ಕೆ 1972ರ ವನ್ಯಜೀವಿ ಕಾಯ್ದೆ ರಕ್ಷಣೆ ಇದೆ.

ಘಾಟೀಲಿ ದೊಡ್ಡ ಬಸ್ ಬಿಡಲ್ಲ, ಮಿನಿ ಬಸ್ಸೇ. ಶನಿವಾರ ಭಾನುವಾರ ಸೂರ್ಯಾಸ್ತ ನೋಡೋ ಜನ ತುಂಬಿ ನಿಲ್ಲೋಕೂ ಜಾಗ ಇರಲ್ಲ, ಜನಜಂಗುಳಿ ನಂಗೆ ಆಗಲ್ಲ, ನೀವೂ ವಾರದ ಮಧ್ಯೆ ಬನ್ನಿ. ಬಸ್ ಇಳಿದು ಸ್ವಲ್ಪ ಮುಂದೆ ಬೋರ್ಡೂ ಇಲ್ಲದ ಒಂದು ಪುಟ್ಟ ಹೋಟ್ಲಿದೆ, ಅಲ್ಲಿ ಅಮ್ಮ ಒಬ್ರು ನೀರ್ದೋಸೆ ಹುಯ್ದು ಹುಯ್ದು ಕಾಯಿಬೆಲ್ಲದ ಜೊತೆ ಬಡಿಸ್ತಾರೆ, ಸಾಕು ಅಂದ್ರೂ ಇನ್ನೊಂದು ಹಾಕ್ತಾರೆ, ಹೊಟ್ಟೆ ತುಂಬ ತಿಂದು ಕಷಾಯ ಕುಡಿದ್ರೂ 60 ರೂಪಾಯಿ ದಾಟಲಿಲ್ಲ. ಬೆಳಿಗ್ಗೆ ಏಳೂವರೆಗೆಲ್ಲಾ ತೆಗೆದಿರ್ತಾರೆ, ತಿಂದ್ಕೊಂಡು ಸೀದಾ ಹಳ್ಳದ ಕಡೆ ಹೊರಟ್ರೆ ಬಿಸ್ಲು ಏರೋ ಹೊತ್ತಿಗೆ ಸರಿಹೋಗುತ್ತೆ.