ಒಂದೇ ಬೆಂಚಿನ ಮೂವರು

ಕೊಡಗಿನ ಸಿದ್ದಾಪುರದ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಮೂವರು ಕೂರುತ್ತಿದ್ದೆವು. ಒಬ್ಬ ಐದಾರು ಎಕರೆ ಕಾಫಿ ತೋಟದವರ ಮಗ. ಇನ್ನೊಬ್ಬ ಲೈನ್ ಮನೆಯ, ಅಂದರೆ ಎಸ್ಟೇಟಿನ ಕೂಲಿಯವರ ಸಾಲುಮನೆಯ ಹುಡುಗ. ಮಧ್ಯದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಗನಾದ ನಾನು. ದೊಡ್ಡ ಸಾಹುಕಾರರ ಮಕ್ಕಳು ದೂರದ ಇಂಗ್ಲಿಷ್ ಸ್ಕೂಲುಗಳಲ್ಲಿದ್ದರು, ಅವರ ಸುದ್ದಿ ಇಲ್ಲಿ ಬೇಡ.

ಕುಯ್ಲು ಶುರುವಾದರೆ ಲೈನ್ ಹುಡುಗ ಕ್ಲಾಸಿಗೆ ಬರುವುದೇ ಅಪರೂಪ. ಸಂಜೆ ಅಪ್ಪ ತೂಕ ಹಾಕುವಾಗ ನಾನೂ ಜೊತೆಗಿರುತ್ತಿದ್ದೆ. ಹಣ್ಣಿನ ಮೂಟೆ ತಕ್ಕಡಿಗೆ ಏರುತ್ತಿತ್ತು, ಅಪ್ಪ ಕೆಜಿ ಕೂಗುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಅವನ ಅಮ್ಮನ ಹೆಸರಿನ ಮುಂದೆ ಬರೆದ ಕೆಜಿಯಲ್ಲಿ ಅರ್ಧ ಅವನು ಕುಯ್ದದ್ದು. ಮೇಷ್ಟ್ರ ಹಾಜರಿ ಪುಸ್ತಕದಲ್ಲಿ ಅದೇ ದಿನ ಅವನು ಗೈರು. ಎರಡೂ ಪುಸ್ತಕ ನೋಡಿದವನು ನಾನೊಬ್ಬನೇ ಇರಬೇಕು.

ಸಮಾಜ ಪಾಠದ ಮೇಷ್ಟ್ರು ಒಂದು ದಿನ 1974ರ ಭೂಸುಧಾರಣೆ ಹೇಳಿಕೊಟ್ಟರು. ಉಳುವವನೇ ಒಡೆಯ, ಗೇಣಿದಾರರು ಡಿಕ್ಲರೇಶನ್ ಅರ್ಜಿ ಕೊಟ್ಟು ಭೂಮಿ ಪಡೆದರು, ಇತ್ಯಾದಿ. ನಮ್ಮ ಮನೆಯ ಕಥೆಯೇ ಅದು, ಅರ್ಧ ಮಾತ್ರ. ಅಜ್ಜ ಮತ್ತು ಅವರ ತಮ್ಮ ಇಬ್ಬರೂ ಸುಳ್ಯದ ಕಡೆ ಗೇಣಿ ಮನೆಯಲ್ಲಿ ಹುಟ್ಟಿದವರು. ಅಜ್ಜ ಸಂಬಳದ ಆಸೆಗೆ ಘಟ್ಟ ಹತ್ತಿದರು. ತಮ್ಮ ಅಲ್ಲೇ ಉಳಿದರು, ಡಿಕ್ಲರೇಶನ್ ಕೊಟ್ಟರು, ಗದ್ದೆ ಅವರದಾಯಿತು, ಆಮೇಲೆ ಅಡಿಕೆ ಹಾಕಿದರು. ಆ ಕಾನೂನಿನಿಂದ ತೋಟದ ಕೂಲಿಯಾಗಿದ್ದ ಅಜ್ಜನಿಗೆ ಭೂಮಿ ಸಿಗಲಿಲ್ಲ. ಕಾಫಿ, ಟೀ, ರಬ್ಬರ್, ಏಲಕ್ಕಿ ತೋಟಗಳಿಗೆ, ಒಬ್ಬರು ಇಷ್ಟೇ ಭೂಮಿ ಇಟ್ಟುಕೊಳ್ಳಬೇಕೆಂಬ ಭೂಮಿತಿಯಿಂದ ವಿನಾಯಿತಿಯೂ ಇತ್ತು. 1951ರ ತೋಟ ಕಾರ್ಮಿಕರ ಕಾಯ್ದೆಯಿಂದ ಅಜ್ಜನಿಗೆ ಸಿಕ್ಕಿದ್ದು ಲೈನ್ ಮನೆ. ಕೆಲಸ ಬಿಟ್ಟ ದಿನ ಅದೂ ಹೋಯಿತು, ನಮ್ಮ ಕ್ವಾರ್ಟರ್ಸಿಗೆ ಬಂದರು. ಇಬ್ಬರಲ್ಲಿ ಧೈರ್ಯಸ್ಥ ಅಜ್ಜನೇ ಎಂದು ನನಗೆ ಈಗಲೂ ಅನಿಸುತ್ತದೆ. ಲಾಭ ಮಾತ್ರ ಹೊರಡದೆ ಕೂತವರಿಗಾಯಿತು.

ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, 1994ರಲ್ಲಿ, ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋಯಿತು. ಮೊದಲೆಲ್ಲ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರದನ್ನೂ ಒಟ್ಟು ಸೇರಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ ಕೊಟ್ಟು, ಹಣ ಕಂತುಕಂತಾಗಿ ಬರುವುದನ್ನು ಕಾಯುತ್ತಿದ್ದರು. ಆ ಹೊತ್ತಿಗೆ ಸಣ್ಣ ಬೆಳೆಗಾರರಿಗೆ ತಾವೇ ಮಾರುವ ಅವಕಾಶವೂ ಸಿಕ್ಕಿತ್ತು. ತೋಟದವರ ಮಗ ಹೊಸ ಜೀಪಿನಲ್ಲಿ ಸ್ಕೂಲಿಗೆ ಬಂದ. ಎಸ್ಸೆಸ್ಸೆಲ್ಸಿ ಆದಮೇಲೆ ಓದು ಯಾಕೆ ಎಂದು ಅವರ ಮನೆಯವರೇ ಹೇಳಿದರು. ಆ ರೇಟು ನೋಡಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ, ಅಲ್ವಾ? ಹೊಸ ಶತಮಾನ ಬರುವಷ್ಟರಲ್ಲಿ ರೇಟು ಪಾತಾಳಕ್ಕಿಳಿಯಿತು, ಜೀಪು ಮಾರಿದರು. ನನಗೆ ಬಿಡಲು ತೋಟವಿರಲಿಲ್ಲ. ಹಾಗಾಗಿ ಕುಶಾಲನಗರದಲ್ಲಿ ಡಿಪ್ಲೊಮಾ, ಆಮೇಲೆ ಬೆಂಗಳೂರಿನ ಪೀಣ್ಯದಲ್ಲಿ ಕೆಲಸ.

ಅಪ್ಪ ಪಿಎಫ್ ದುಡ್ಡಿನಲ್ಲಿ ಐದು ಸೆಂಟ್ಸ್ ಜಾಗ ತೆಗೆದುಕೊಂಡು, ಸಾಲವಿಲ್ಲದೆ ಹೆಂಚಿನ ಮನೆ ಕಟ್ಟಿದರು. ನನ್ನ ಸಂಬಳ ಅವರದಕ್ಕಿಂತ ಎಷ್ಟೋ ಜಾಸ್ತಿ. ಬೆಂಗಳೂರಿನ ಫ್ಲ್ಯಾಟಿನ ಕಂತು ಮಾತ್ರ ರಿಟೈರ್ ಆಗುವವರೆಗೂ ಇದೆ. ಮಗಳು ಇಂಜಿನಿಯರಿಂಗ್ ಮುಗಿಸಿದ್ದಾಳೆ. ಅವಳು ಮನೆ ಮಾಡುವ ಮಾತನ್ನೇ ಆಡುವುದಿಲ್ಲ.

ಬರದಿಂದ ವಿಯೆಟ್ನಾಂ, ಬ್ರೆಜಿಲ್ ಬೆಳೆ ಕೈಕೊಟ್ಟು, 2024ರಿಂದೀಚೆಗೆ ರೋಬಸ್ಟಾ ಕಾಫಿಗೆ ಯಾರೂ ಎಣಿಸದ ರೇಟು ಬಂತು. ಹೋದ ಹುತ್ತರಿ ಹಬ್ಬಕ್ಕೆ ಊರಿಗೆ ಹೋದಾಗ ತೋಟದ ಗೆಳೆಯ ಸಿಕ್ಕಿದ. ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಕರಿಮೆಣಸು ಹಬ್ಬಿಸುತ್ತಿದ್ದಾನಂತೆ. ನಮ್ಮ ಮೂರನೆಯವನು ಕುಯ್ಲಿನ ಕೆಲಸ ಬಿಟ್ಟು ಪಿಕಪ್ ಓಡಿಸುತ್ತಾನೆ. ಅಸ್ಸಾಂನಿಂದ ಬಂದವರನ್ನು ತೋಟದಿಂದ ತೋಟಕ್ಕೆ ಸಾಗಿಸುವ ಕೆಲಸ. ಅವರ ಮಕ್ಕಳಲ್ಲಿ ಕೆಲವರು ಈಗ ನಮ್ಮ ಸ್ಕೂಲಿನಲ್ಲೇ ಕನ್ನಡ ಕಲಿಯುತ್ತಿದ್ದಾರೆ ಎಂದು ತಿಳಿಯಿತು.

"ರೇಟು ಇಷ್ಟಾಯ್ತಲ್ಲ, ಕುಯ್ಯೋ ಕೂಲಿ?" ಎಂದು ತೋಟದ ಗೆಳೆಯನನ್ನು ಕೇಳಿದೆ.

"ಅದೂ ಏರಿದೆ ಮಾರಾಯ," ಅಂದ. "ಲೈನ್ ಮಾತ್ರ ನಿನ್ನ ಅಜ್ಜ ಇದ್ದದ್ದೇ. ಶೀಟು ಬದಲಾಯಿಸಿದ್ದಾರೆ."