ಪಾಲಿ ನೆನಪಾದಳು
ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಕೆನಡಾದ ನಿರ್ದೇಶಕಿ ಪೆಟ್ರೀಶಿಯಾ ರೋಜೆಮಾ ಅವರ 'ಐ ಹ್ಯಾವ್ ಹರ್ಡ್ ದ ಮರ್ಮೇಡ್ಸ್ ಸಿಂಗಿಂಗ್' ಸಿನಿಮಾ ಹಾಕಿಕೊಂಡು ಕೂತೆ. 1987ರದ್ದು. ಅದರ ನಾಯಕಿ, ಟೊರಾಂಟೊದ ಪಾಲಿ ಅನ್ನೋಳಿಗೆ ಟೈಪಿಂಗೂ ಸರಿಯಾಗಿ ಬರಲ್ಲ. ಆದರೆ ಕಪ್ಪು ಬಿಳುಪಿನ ಕನಸುಗಳಲ್ಲಿ ಹಾರುತ್ತಾಳೆ, ಗಗನಚುಂಬಿ ಕಟ್ಟಡದ ಗೋಡೆ ಹತ್ತುತ್ತಾಳೆ!

ರೋಜೆಮಾ ಅವರದ್ದು ಮಡಿವಂತ ಕ್ರೈಸ್ತ ಮನೆತನ. 16 ವರ್ಷದವರೆಗೆ ಥಿಯೇಟರ್ ಮೆಟ್ಟಿಲೇ ಹತ್ತಿರಲಿಲ್ಲವಂತೆ. ನಮ್ಮನೇಲಿ ಭಾನುವಾರದ ಸಿನಿಮಾ ತಪ್ಪಿದರೆ ನನಗೆ ಊಟವೇ ಸೇರುತ್ತಿರಲಿಲ್ಲ. ಅಂಥ ಮನೆಯ ರೋಜೆಮಾ ಸುಮಾರು ಮೂರೂವರೆ ಲಕ್ಷ ಡಾಲರ್‌ನಲ್ಲಿ ಈ ಮೊದಲ ಪೂರ್ಣಾವಧಿ ಚಿತ್ರ ಮಾಡಿ ಫ್ರಾನ್ಸ್‌ನ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದರು. ಆಮೇಲೆ 1999ರಲ್ಲಿ 'ಮ್ಯಾನ್ಸ್‌ಫೀಲ್ಡ್ ಪಾರ್ಕ್', 2018ರಲ್ಲಿ ಮತ್ತೆ ಟೊರಾಂಟೊದ್ದೇ ಕಥೆ 'ಮೌತ್‌ಪೀಸ್'. ನನಗೆ ಮಾತ್ರ ಪಾಲಿಯೇ ಜಾಸ್ತಿ ಇಷ್ಟ.

ಇವತ್ತು ಆಫೀಸಲ್ಲಿ ತೂಕಡಿಸುತ್ತಾ ಎರಡು ಮೇಲ್ ತಪ್ಪು ವಿಳಾಸಕ್ಕೆ ಕಳಿಸಿದ್ದೂ ಆಯ್ತು.