ಮಾರ್ಚ್ 13, 2025: 49 ವರ್ಷದ ಕಂತು

ಕರೆಂಟ್ ಹೋಗಿತ್ತು. ಅಪ್ಪ ಜಗಲಿಯಲ್ಲಿ ಕವಳಕ್ಕೆ ಅಡಿಕೆ ಕತ್ತರಿಸುತ್ತಿದ್ದರು. "ಏನೋ ಅದು, ಆಗಿಂದ ಮೊಬೈಲ್ ನೋಡ್ತಾ ಇದೀಯ?"

ರಷ್ಯಾದ ದೊರೆ ಎರಡನೇ ಅಲೆಕ್ಸಾಂಡರ್ ಸತ್ತ ದಿನ ಇವತ್ತು, ಎಂದೆ. 1881. ಬಾಂಬ್ ಎಸೆದು ಕೊಂದರು.

"ಕೆಟ್ಟವನಾ?"

ಅದೇ ಹೇಳೋದು ಕಷ್ಟ. 1861ರಲ್ಲಿ ರೈತರನ್ನು ಜೀತದಿಂದ ಬಿಡಿಸಿದವನೇ ಅವನು. ಜಮೀನ್ದಾರರ ಕೈಕೆಳಗೇ ಎರಡು ಕೋಟಿಗೂ ಜಾಸ್ತಿ ಜನ ಇದ್ದರು. ಕೆಳಗಿನವರು ಎದ್ದು ಕಿತ್ತುಹಾಕುವ ಮೊದಲು ಮೇಲಿನಿಂದ ನಾವೇ ತೆಗೆಯೋದು ವಾಸಿ ಅಂತ 1856ರಲ್ಲೇ ಹೇಳಿದ್ದ.

"ಮತ್ಯಾಕೆ ಕೊಂದ್ರು?"

ಭೂಮಿಗೆ ದುಡ್ಡು ಕಟ್ಟಬೇಕಿತ್ತು ಅಪ್ಪಾ. ಜಮೀನ್ದಾರನಿಗೆ ಸರ್ಕಾರ ಕೊಡೋದು, ಸರ್ಕಾರಕ್ಕೆ ರೈತ ಕಂತು ಕಟ್ಟೋದು. 49 ವರ್ಷ.

ಅಡಕತ್ತರಿ ನಿಂತಿತು. ಅಪ್ಪ ಅಟ್ಟದ ಕಡೆ ನೋಡಿದರು. ಅಜ್ಜನ ಕೊಳಗ ಇನ್ನೂ ಅಲ್ಲೇ ಇದೆ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿ ರೈತರಿಗೂ ಒಡೆಯರಿಗೂ ಜಗಳ ಎದ್ದದ್ದೇ ಗೇಣಿ ಅಳೆಯುವ ಕೊಳಗದ ಮೇಲೆ, ನಮ್ಮನೇಲಿ ಅದನ್ನು ಯಾರಿಗೂ ಹೇಳಿಕೊಡಬೇಕಿಲ್ಲ.

"ಗೇಣಿ ಜಮೀನು ನಮ್ಮ ಹೆಸರಿಗಾಗ್ಲಿ ಅಂತ ನಮ್ಮಪ್ಪ ಡಿಕ್ಲರೇಷನ್ ಕೊಟ್ಟ ರಾತ್ರಿ ಮಲಗ್ಲೇ ಇಲ್ಲ. ನಾಳೆ ಒಡೇರ ಮನೆ ಮುಂದೆ ಹಾದು ಹೋಗೋದು ಹೆಂಗೆ ಅಂತ."

ಆಂಟನ್ ಪೆಟ್ರೋವ್ ಕಥೆ ಹೇಳಿದೆ. ಕಜಾನ್ ಪ್ರಾಂತ್ಯದ ಬೆಜ್ದ್ನಾ ಅನ್ನೋ ಹಳ್ಳಿಯವನು. ಅರೆಬರೆ ಓದು ಬರುತ್ತಿತ್ತು. ಹೊಸ ಕಾನೂನಿನ ಪುಸ್ತಕ ಹಿಡಿದು ಕೂತ. ಪೂರ್ತಿ ಬಿಡುಗಡೆ ಇದರಲ್ಲೇ ಬರೆದಿದೆ, ಒಡೆಯರು ಮುಚ್ಚಿಟ್ಟಿದ್ದಾರೆ ಎಂದ. ಸಾವಿರಾರು ಜನ ಅವನ ಮನೆ ಸುತ್ತ ಸೇರಿದರು. ಸೈನ್ಯ ಗುಂಡು ಹಾರಿಸಿತು. ಆಮೇಲೆ ಅವನನ್ನೂ ಗುಂಡಿಟ್ಟು ಕೊಂದರು. ಪಾಪ, ದೊರೆ ಒಳ್ಳೆಯವನು ಅಂತಲೇ ನಂಬಿದ್ದ. ದೊರೆಯನ್ನೇ ಮುಗಿಸಬೇಕು ಎಂದು ಹೊರಟವರು ಓದಿದ ಹುಡುಗರು. ಬಾಂಬ್ ಎಸೆದ ದಿನ ಕರವಸ್ತ್ರ ಬೀಸಿ ಸನ್ನೆ ಮಾಡಿದ ಸೋಫಿಯಾ ಪೆರೋವ್‌ಸ್ಕಾಯಾ ಗವರ್ನರ್ ಆಗಿದ್ದವನ ಮಗಳು!

ಮೊದಲ ಬಾಂಬಿಗೆ ದೊರೆಗೆ ಏನೂ ಆಗಲಿಲ್ಲ. ಗಾಯಗೊಂಡವರನ್ನು ನೋಡೋಕೆ ಗಾಡಿಯಿಂದ ಇಳಿದ. ಎರಡನೆಯದು ಕಾಲಬುಡದಲ್ಲೇ ಸಿಡಿಯಿತು. ಕಾನೂನು ಮಾಡುವಾಗ ಜನ ಆರಿಸಿದ ಕೆಲವರನ್ನೂ ಕೇಳೋಣ ಎಂಬ ಯೋಜನೆಗೆ ಅವತ್ತು ಬೆಳಿಗ್ಗೆ ತಾನೇ ಒಪ್ಪಿಗೆ ಕೊಟ್ಟಿದ್ದ. ಮಗ ಪಟ್ಟಕ್ಕೆ ಬಂದು ಅದನ್ನು ಮೂಲೆಗೆ ಹಾಕಿದ.

"ಇಳೀಬಾರ್ದಿತ್ತು," ಎಂದರು ಅಪ್ಪ. ಯಾರ ಪರವಾಗಿ ಹೇಳಿದರೋ.

ಕರೆಂಟ್ ಬಂತು. ಒಳಗೆ ಮಿಕ್ಸಿ ಶುರು. ಮಾತು ಅಲ್ಲಿಗೇ ನಿಂತಿತು.

ಊಟ ಆದಮೇಲೆ ಕಿಬಾಲ್ಚಿಚ್ ಬಗ್ಗೆ ಓದಿದೆ. ಬಾಂಬ್ ತಯಾರಿಸಿದವನು. ಗಲ್ಲಿಗೆ ಮುಂಚೆ ಜೈಲಿನಲ್ಲಿ ಕೂತು ಮದ್ದು ಉರಿಸಿ ಹಾರುವ ಯಂತ್ರದ ಚಿತ್ರ ಬರೆದನಂತೆ. ರಾಕೆಟ್, ಅಲ್ವಾ? ಪೊಲೀಸರು ಅದನ್ನು ಫೈಲಿಗೆ ಸೇರಿಸಿ ಸುಮ್ನಾದರು. ಇದನ್ನು ಓದಿ ಯಾಕೋ ಹೊಟ್ಟೆ ಉರಿಯಿತು.

ದೀಪ ಆರಿಸಿದ ಮೇಲೆ ಆ ಕೋಣೆಯಿಂದ ಅಪ್ಪನ ದನಿ: "ಪೂರ್ತಿ ಕಟ್ಟಿದ್ರಾ ಅವರು?"

ಇಲ್ಲ ಅಪ್ಪಾ, 1905ರಲ್ಲಿ ಊರೂರಿಗೇ ದಂಗೆ ಎದ್ದಮೇಲೆ, 1907ರಿಂದ ಮನ್ನಾ ಮಾಡಿದ್ರು ಅನ್ನುವಷ್ಟರಲ್ಲಿ ಗೊರಕೆ.